ಗೆನ್ಯಾ ಹೇಳಿದ್ದು

ಪ್ರತಿ ಭಾನುವಾರ ಬೆಳಿಗ್ಗೆ ಕ್ಲೀವ್‌ಲ್ಯಾಂಡಿನ ತನ್ನ ಅಡುಗೆಮನೆಯಿಂದ ಖಾರ್ಕೋವ್‌ಗೆ ಟ್ರಂಕ್ ಕಾಲ್ ಮಾಡುವುದು ಥೆಲ್ಮಾ ಗಾರ್ಫಿಂಕಲ್‌ಗೆ ಒಂದು ವ್ರತವೇ ಆಗಿಬಿಟ್ಟಿತ್ತು. ಅಲ್ಲಿ ಯೆಫಿಮ್ ಬ್ರೋದ್ಕಿನ್ ಎಂಬ ಯಹೂದಿ ಇಂಜಿನಿಯರ್ ಇಸ್ರೇಲಿಗೆ ಹೋಗುತ್ತೇನೆಂದು ಅರ್ಜಿ ಹಾಕಿದ್ದೇ ತಪ್ಪಾಗಿ, ಸೋವಿಯತ್ ಸರ್ಕಾರ ಅವನ ಕೆಲಸವನ್ನೂ ಕಿತ್ತುಕೊಂಡು, ದೇಶವನ್ನೂ ಬಿಡಗೊಡದೆ ಕೂರಿಸಿತ್ತು. ಅವನನ್ನು ಹೊರಗೆ ತರುತ್ತೇವೆಂದು ಥೆಲ್ಮಾ ಪ್ರಾರ್ಥನೆಗೆ ಹೋಗುವ ಸಿನಗಾಗ್‌ನ ಹೆಂಗಸರು ಪಣ ತೊಟ್ಟಿದ್ದರು. ಅವನ ಹೆಂಡತಿ ಗೆನ್ಯಾಗೆ ಇಂಗ್ಲಿಷ್ ಬಾರದು, ಥೆಲ್ಮಾಗೆ ರಷ್ಯನ್ ಬಾರದು. ಇಬ್ಬರಿಗೂ ಬರುತ್ತಿದ್ದದ್ದು ಯಹೂದಿಗಳ ಹಳೆಯ ಮನೆಮಾತು ಯಿಡ್ಡಿಷ್ ಒಂದೇ. ಅದರಲ್ಲೂ ಥೆಲ್ಮಾಳದು ಬೈಗುಳ ಮತ್ತು ತಿಂಡಿಯ ಹೆಸರುಗಳಾಚೆ ಹೋಗದ ಯಿಡ್ಡಿಷ್. ತಾಯಿ ಫ್ರೀಡಾ ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದಳು.

ಆ ಭಾನುವಾರ ಫ್ರೀಡಾಗೆ ಜ್ವರ. ಲೈನಿನ ಗೊರಗೊರ ಸದ್ದಿನ ನಡುವೆ ಗೆನ್ಯಾ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. "ಶ್ವೈಗ್ ನಿಶ್ತ್!" ಶ್ವೈಗ್ ಅಂದರೆ ಸುಮ್ಮನಿರು, ನಿಶ್ತ್ ಅಂದರೆ ಬೇಡ: ಸುಮ್ಮನಿರಬೇಡಿ. ಥೆಲ್ಮಾ ಕುಣಿಯುತ್ತಾ ತಾಯಿಯ ಕೋಣೆಗೆ ಹೋದಳು.

"ಅಮ್ಮಾ, ಸುಮ್ಮನಿರಬೇಡಿ ಅಂದ್ಲು!"

"ಪೊಲೀಸರು ಕದ್ದು ಕೇಳೋ ಫೋನಲ್ಲಿ ಹಾಗಂದ್ಲಾ? ಇನ್ನೊಂದ್ಸಲ ಮಾಡು, ನಾನು ಕೇಳ್ತೀನಿ."

"ಇವತ್ತಿನ್ನು ಲೈನ್ ಸಿಗಲ್ಲ. ನಿಮ್ಮ ಕಾಲದವರು ಬಾಯಿ ಮುಚ್ಕೊಂಡು ಕೂತಿದ್ದಕ್ಕೇ ಅಲ್ವಾ ಅಷ್ಟೆಲ್ಲಾ ಆಗಿದ್ದು?"

ಫ್ರೀಡಾಳ ಇಬ್ಬರು ತಂಗಿಯರು ಪೋಲೆಂಡಿನಲ್ಲಿ ಬೂದಿಯಾಗಿ ಹೋಗಿದ್ದರು. ಆಡಬಾರದ ಮಾತು. ಅದು ಥೆಲ್ಮಾಗೂ ಗೊತ್ತಿತ್ತು, ಆದರೆ ಕ್ಷಮೆ ಕೇಳುವಷ್ಟು ಪುರುಸೊತ್ತು ಯಾರಿಗಿತ್ತು? ಫ್ರೀಡಾ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಆ ವಾರ ಸೋವಿಯತ್ ನೃತ್ಯ ತಂಡವೊಂದು ಊರಿಗೆ ಬಂದಿತ್ತು. ಹೆಂಗಸರೆಲ್ಲ ಹಿಮದಲ್ಲಿ ರಂಗಮಂದಿರದ ಮುಂದೆ ಯೆಫಿಮ್‌ನ ಚಿತ್ರ ಹಿಡಿದು ನಿಂತರು.

"ಏ ಥೆಲ್ಮಾ, ಗಂಡನ ಮೇಲೆ ಕೂಗಾಡೋ ಗಂಟಲು ಎಲ್ಲೇ ಹೋಯ್ತು?" ಎಂದು ಗೆಳತಿ ಲೋಯಿಸ್ ಕೆಣಕಿದಳು.

ಥೆಲ್ಮಾ ದನಿ ಬಿದ್ದುಹೋಗುವವರೆಗೂ ಅವನ ಹೆಸರು ಕೂಗಿದಳು. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಯೆಫಿಮ್ ಇದ್ದ.

ಮುಂದಿನ ಭಾನುವಾರ ತಾಯಿ ಮಗಳು ಒಂದೇ ರಿಸೀವರಿಗೆ ಕಿವಿ ಹಚ್ಚಿದರು. ಈ ಸಲ ಲೈನ್ ಸ್ವಚ್ಛವಾಗಿತ್ತು. ಗೆನ್ಯಾ ಅಳುತ್ತಿರಲಿಲ್ಲ.

"ಗುರುವಾರ ಯೆಫಿಮ್‌ನ ಎಳ್ಕೊಂಡು ಹೋದ್ರು. ಹೊರದೇಶದವರ ಜೊತೆ ಸೇರಿ ದೇಶದ ಮಾನ ಕಳೆದ ಅಂತ ಕೇಸು. ಈ ತಿಂಗಳೇ ಕಳಿಸ್ಕೊಡ್ತೀವಿ, ಗಲಾಟೆ ಮಾತ್ರ ಆಗ್ಬಾರ್ದು ಅಂತ ಒಬ್ಬ ಅಧಿಕಾರಿ ಗುಟ್ಟಾಗಿ ಒಪ್ಪಿದ್ದ. ಅಷ್ಟು ಬೇಡ್ಕೊಂಡೆನಲ್ಲಮ್ಮಾ, ಶ್ವೈಗ್ ಇತ್ಸ್ತ್, ಶ್ವೈಗ್ ಇತ್ಸ್ತ್ ಅಂತ!"

ಅಂದರೆ, ಈಗ ಸುಮ್ಮನಿರಿ. ನಿಶ್ತ್ ಅಲ್ಲ, ಇತ್ಸ್ತ್. ಥೆಲ್ಮಾ ತಾಯಿಯ ತೋಳು ಹಿಡಿದು ಎಳೆದಳು.

"ಅಮ್ಮಾ, ತಪ್ಪಾಗಿ ಕೇಳಿಸ್ತು ಅಂತ ಹೇಳಮ್ಮಾ, ಬೇಗ!"

ಫ್ರೀಡಾ ರಿಸೀವರ್ ಕಸಿದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕತ್ತರಿಸಿಹೋಯಿತು.

ಸಂಜೆ ಲೋಯಿಸ್ ಮನೆಗೇ ಬಂದಳು. "ಅರೆಸ್ಟ್ ಮಾಡಿದಾರೆ ಅಂದ್ರೆ ನಮ್ಮ ಕೂಗು ನಾಟಿದೆ ಅಂತ ಅರ್ಥ ಕಣೇ! ಇನ್ನೂ ಜೋರಾಗಿ ಕೂಗೋಣ." ಥೆಲ್ಮಾ ಬಾಗಿಲಲ್ಲೇ ನಿಂತು ಅವಳ ಮುಖ ನೋಡಿದಳು, ಒಳಗೆ ಕರೆಯಲಿಲ್ಲ.

ಮತ್ತೆ ಭಾನುವಾರ ಬಂತು. ಆ ನಂಬರೇ ಈಗ ಇಲ್ಲ ಮೇಡಂ ಎಂದಳು ಆಪರೇಟರ್. ಇನ್ನೊಮ್ಮೆ ನೋಡಿ ಎಂದರೂ ಅದೇ ಉತ್ತರ. ಥೆಲ್ಮಾ ರಿಸೀವರ್ ಇಟ್ಟು ತಾಯಿಯ ಕಡೆ ತಿರುಗಿದಳು.

"ಅವಳು ನನ್ನ ಬಗ್ಗೆ ಏನಂದ್ಕೊಂಡಿರ್ತಾಳಮ್ಮಾ?"

ಸುಳ್ಳು ಹೇಳಿ ಸಮಾಧಾನ ಮಾಡುವುದು ಫ್ರೀಡಾಗೆ ಬರುತ್ತಿರಲಿಲ್ಲ.

"ಕೇಳಿಸ್ಕೊಂಡೂ ಕೂಗಿದ್ಲು ಅಂದ್ಕೊಂಡಿರ್ತಾಳೆ" ಎಂದಳು.