ಮದುಮಗನ ಗಾಡಿಯಾದ ನನ್ನ ಪಾಡು

ನಾನು ಒಂದು ದೊಡ್ಡ ಗಾಡಿ. ಜೀಪಿನ ಕುಲವೇ ಹೌದು, ಆದರೆ ಯಾರಾದರೂ ಜೀಪು ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ನನ್ನ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುತ್ತದೆ. ಒಂದು ಗಾಲಿ ಗಾಳಿಯಲ್ಲಿ ತೂಗುತ್ತಿದ್ದರೂ ಉಳಿದ ಮೂರು ನನ್ನನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತವೆ. ಸೊಂಟಮಟ್ಟ ನೀರಿನಲ್ಲಿ ನಡೆಯಬಲ್ಲೆ. ಒಳಗೆ ತೊಗಲಿನ ಸೀಟು, ಬೇಸಿಗೆಯಲ್ಲಿ ಬೆನ್ನಿಗೆ ತಂಪು, ಚಳಿಗಾಲದಲ್ಲಿ ಬಿಸಿ. ಇಷ್ಟೆಲ್ಲ ಇಟ್ಟುಕೊಂಡು ಆರು ವರ್ಷ ನಾನು ಮಾಡಿದ ಕೆಲಸ ಯಾವುದು ಗೊತ್ತೆ? ಬ್ಯಾಂಡ್ ಸೆಟ್ಟಿನ ಹಿಂದೆ ಆಮೆಯ ಹಾಗೆ ತೆವಳಿದ್ದು. ಹೇಳಿಕೊಂಡರೆ ಹೊಟ್ಟೆ ಉರಿಯುತ್ತದೆ, ಹೇಳದಿದ್ದರೆ ಇನ್ನೂ ಉರಿಯುತ್ತದೆ. ಆದ್ದರಿಂದ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಹುಟ್ಟಿದ ವಾರವೇ ನನ್ನನ್ನು ಬಂಡೆಗಳ ಮೇಲೆ ಹತ್ತಿಸಿದರು, ಮರಳಿನಲ್ಲಿ ಹೂತು ಎಬ್ಬಿಸಿದರು, ಕೆಸರಿನ ಗುಂಡಿಗೆ ಇಳಿಸಿದರು. ಎಲ್ಲದರಿಂದಲೂ ಎದ್ದು ಬಂದೆ. ಬಿಳಿ ಕೋಟಿನವನೊಬ್ಬ ನನ್ನ ಬೆನ್ನು ತಟ್ಟಿ ಕಾಗದದ ಮೇಲೆ ಸಹಿ ಹಾಕಿದ. ಮರುಭೂಮಿಗೋ ಹಿಮದ ಬೆಟ್ಟಕ್ಕೋ ಹೋಗುತ್ತೇನೆ ಎಂದು ಹಿಗ್ಗಿ ಹಡಗು ಹತ್ತಿದೆ. ಇಳಿದು, ಲಾರಿ ಏರಿ, ಹುಬ್ಬಳ್ಳಿಯ ಒಂದು ಷೋರೂಮಿಗೆ ಬಂದು ನಿಂತೆ.

ನನ್ನನ್ನು ಕೊಂಡವರು ಬ್ಯಾಡಗಿಯ ಮುರಿಗೆಪ್ಪನವರು. ಮೆಣಸಿನಕಾಯಿ ದಲಾಲಿ ಅಂಗಡಿಯವರು, ಒಳ್ಳೆಯ ಮನುಷ್ಯರು. ಅವರ ಒಂದೇ ರೋಗವೆಂದರೆ ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದು. ಅವರು ಮೂರು ವರ್ಷ ಗಾಡಿ ಹುಡುಕಿದ್ದರು. ನೆಲದಿಂದ ಹೊಟ್ಟೆಯ ಎತ್ತರ ಎಷ್ಟು, ಎಷ್ಟು ಆಳದ ನೀರು ದಾಟುತ್ತದೆ, ಒಮ್ಮೆ ಡೀಸೆಲ್ ತುಂಬಿಸಿದರೆ ಎಷ್ಟು ದೂರ ಹೋಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮೆಣಸಿನಕಾಯಿ ಮಾರಲು ಬಂದ ರೈತರನ್ನು ಕೂರಿಸಿಕೊಂಡು ಅದನ್ನೆಲ್ಲ ಒಪ್ಪಿಸುತ್ತಿದ್ದರಂತೆ. ಪಾಪ, ಆ ರೈತರು ತೂಕ ಆಗುವತನಕ ಎದ್ದು ಹೋಗುವ ಹಾಗಿರಲಿಲ್ಲ.

ಕೊನೆಗೆ ನನ್ನನ್ನು ನೋಡಲು ಎಂಟು ಮಂದಿ ಬಂದರು, ಹೆಣ್ಣು ನೋಡಲು ಬರುವ ಹಾಗೆ. ಎಲ್ಲರ ಮುಂದೆ ಇದ್ದವರು ಮುರಿಗೆಪ್ಪನವರ ಅಕ್ಕನ ಗಂಡ ಚನ್ನಬಸನಗೌಡರು. ಷೋರೂಮಿನ ಟೈ ಕಟ್ಟಿದವನು ಗಾಲಿಗಳನ್ನು ಒಂದಕ್ಕೊಂದು ಬಿಗಿಯುವ ಗುಂಡಿಯನ್ನು ತೋರಿಸುತ್ತ ಅರ್ಧ ತಾಸು ವಿವರಿಸಿದ. ಗೌಡರು ಎಲ್ಲ ಕೇಳಿ, ನನ್ನ ಬಾನೆಟ್ಟನ್ನು ಬೆರಳಿನಿಂದ ಬಡಿದು, "ತಗಡು ಗಟ್ಟಿ ಐತಿ. ಹಿಂದ ಎಷ್ಟು ಚೀಲ ಹಿಡಿತಾವ್ರಿ?" ಎಂದರು. ನನಗೆ ನೆಲಕ್ಕೆ ಇಳಿದು ಹೋದಂತಾಯಿತು.

ಆಗ ಹಿಂದಿನಿಂದ ಒಂದು ದನಿ ಬಂತು. "ಇದನ್ನ ನಾನೊಂದೀಟು ಓಡಿಸಿ ನೋಡ್ಲೇನ್ರಿ?"

ಕೇಳಿದವಳು ಮುರಿಗೆಪ್ಪನವರ ಹೆಂಡತಿ ನೀಲವ್ವ. ಏಳು ಮಂದಿ ನಕ್ಕರು. ಅವಳು ತವರುಮನೆ ಅಣ್ಣಿಗೇರಿಯಲ್ಲಿ ಎರೆಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದವಳು, ಕಾರಿನ ಲೈಸೆನ್ಸನ್ನೂ ಮಾಡಿಸಿ ಇಟ್ಟುಕೊಂಡವಳು ಎಂಬುದು ಅವರಿಗೆ ಮರೆತೇ ಹೋಗಿತ್ತು. ಷೋರೂಮಿನ ಹಿಂದೆ ಪರೀಕ್ಷೆಗೆಂದು ಒಟ್ಟಿದ್ದ ಮಣ್ಣಿನ ದಿಬ್ಬವಿತ್ತು. ನೀಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬ್ರೇಕನ್ನು ತುಳಿಯದೆ, ಎಲ್ಲೂ ಹೆದರದೆ ನನ್ನನ್ನು ಹತ್ತಿಸಿ ಇಳಿಸಿದಳು. ಆ ಕ್ಷಣವೇ ನಾನು ಅವಳ ಗಾಡಿಯಾದೆ. ಇಳಿದವಳು ಗಂಡನಿಗೆ, "ಇದ ಇರ್ಲಿ. ಮಣ್ಣಿನ ಬಣ್ಣ ಹೊಡಸ್ರಿ, ಧೂಳು ಕಾಣೂದಿಲ್ಲ" ಎಂದಳು.

"ಮಣ್ಣಿನ ಬಣ್ಣ ಯಾಕವಾ?" ಎಂದರು ಗೌಡರು. "ಬಿಳೀದ ಇರ್ಲಿ ಮುರಿಗೆಪ್ಪ. ನಾಕು ಮಂದಿ ಶುಭಕಾರ್ಯಕ್ಕ ಚಲೋ ಕಾಣತೈತಿ."

ಮುರಿಗೆಪ್ಪನವರು ಹೆಂಡತಿಯ ಮುಖ ನೋಡಿದರು, ಗೌಡರ ಮುಖ ನೋಡಿದರು. ನಾನು ಬಿಳಿಯಾಗಿಯೇ ಉಳಿದೆ. ನನ್ನ ಹಣೆಬರಹ ಅಲ್ಲಿಯೇ ಬರೆದಾಯಿತು.

ನೀಲವ್ವನಿಗೆ ನಾನು ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರ್ಕೆಟ್ಟು. ದೂರದೂರಿನಿಂದ ಚೀಲ ತಂದ ರೈತರಿಗೆ ಮುರಿಗೆಪ್ಪನವರ ಮನೆಯಲ್ಲೇ ಊಟ. ಅದು ಅವರ ತಂದೆಯ ಕಾಲದಿಂದ ನಡೆದು ಬಂದ ಪದ್ಧತಿ. ಉಳಿದ ದಿನ ನೆಂಟರು, ಬೀಗರು, ಅವರ ಪರಿಚಯದವರು. ಮೂವತ್ತು ವರ್ಷ ಆಕೆ ಒಲೆಯ ಮುಂದೆ ರೊಟ್ಟಿ ಬಡಿದಿದ್ದಳು. ಕೆಲಸದವರು ಇದ್ದರು, ಆದರೆ ಬಂದವರೆಲ್ಲ ನೀಲವ್ವನ ಕೈಯ ರೊಟ್ಟಿಯೇ ಆಗಬೇಕು ಎನ್ನುವರು, ಮುರಿಗೆಪ್ಪನವರು ಹೂಂ ಎನ್ನುವರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಮ್ಮೆ ಕಛ್‌ನ ಉಪ್ಪಿನ ಬಯಲಿನ ಚಿತ್ರ ಬಂದಿತ್ತು. ಕಣ್ಣು ಹಾಯುವಷ್ಟು ದೂರ ಬೆಳ್ಳಗೆ, ಒಂದು ನರಪಿಳ್ಳೆಯಿಲ್ಲ. "ಇಲ್ಲಿ ನನ್ನ ಯಾರೂ ಊಟಕ್ಕ ಕೇಳೂದಿಲ್ಲ. ಹದಿನೈದು ದಿನ ಇಲ್ಲಿಗೆ ಕರಕೊಂಡು ಹೋಗ್ರಿ, ಮತ್ತೇನೂ ಬ್ಯಾಡ" ಎಂದು ಆಕೆ ಗಂಡನಿಗೆ ಹೇಳಿದ್ದಳು. ಗಾಡಿ ಹುಡುಕಾಟ ಶುರುವಾದದ್ದು ಆ ಮಾತಿನಿಂದ. ಹುಡುಕುವ ಉಮೇದಿನಲ್ಲಿ ಮುರಿಗೆಪ್ಪನವರು ಆ ಮಾತನ್ನೇ ಮರೆತಿದ್ದರು.

ಪೂಜೆಯಾಯಿತು, ಗಾಲಿಗಳಡಿ ನಿಂಬೆಹಣ್ಣು ಇಟ್ಟು ಜಜ್ಜಿಸಿದರು. ಸೀಟಿನ ಪ್ಲಾಸ್ಟಿಕ್ಕು ತೆಗೆಯಲಿಲ್ಲ. ಹತ್ತುವವರು ಚಪ್ಪಲಿ ಬಿಟ್ಟು ಹತ್ತಬೇಕು ಎಂದು ಅಪ್ಪಣೆಯಾಯಿತು. ಸೀಜನ್ ಮುಗಿದ ಮೇಲೆ ಕಛ್‌ಗೆ ಹೋಗುವುದು ಎಂದು ನಿಶ್ಚಯವಾಯಿತು. ಸೀಜನ್ ಮುಗಿಯುವುದಕ್ಕೂ ಮದುವೆಗಳು ಶುರುವಾಗುವುದಕ್ಕೂ ಸರಿಹೋಯಿತು. ಯಾರದೋ ಮಗನ ಮೆರವಣಿಗೆಗೆ ಗಾಡಿ ಬೇಕೆಂದು ಬಂದರು. "ಶುಭಕಾರ್ಯಕ್ಕ ಹೆಂಗ ಇಲ್ಲ ಅನ್ನೂದು?" ಎಂದು ಮುರಿಗೆಪ್ಪನವರು ಕೀಲಿಕೈ ಕೊಟ್ಟರು. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಕೊಡದೆ ಹೇಗೆ ಬಿಡುವುದು? ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ನಾನು ಇಲ್ಲದೆ ಮದುಮಗ ಮಂಟಪ ಮುಟ್ಟುವುದೇ ಇಲ್ಲ ಎನ್ನುವಂತಾಯಿತು.

ನೀವೇ ಹೇಳಿ. ಬಂಡೆಗಳ ನಡುವೆ ಸಿಕ್ಕ ಗಾಡಿಗಳನ್ನು ಎಳೆಯಲೆಂದು ನನ್ನ ಮೂತಿಯ ಮೇಲೆ ಕಬ್ಬಿಣದ ಕೊಕ್ಕೆ ಇದೆ. ಅದಕ್ಕೆ ಬಾಳೆಕಂಬ ಕಟ್ಟಿದರು. ಹೊಳೆ ದಾಟುವಾಗ ಉಸಿರಾಡಲೆಂದು ಕಿಟಕಿಯ ಪಕ್ಕ ಎತ್ತರದ ಕೊಳವೆ ಇದೆ. ಅದಕ್ಕೆ ಚೆಂಡುಹೂವಿನ ಸರ ಸುತ್ತಿದರು. ಡೇರೆ, ನೀರಿನ ಕ್ಯಾನು ಹೊರಲು ಇರುವ ಮೇಲಿನ ಚೌಕಟ್ಟಿನ ಮೇಲೆ ಸ್ಪೀಕರ್ ಡಬ್ಬ ಇಟ್ಟರು. ಕೆಸರು, ದಿಬ್ಬ ಹತ್ತಲೆಂದು ಇರುವ ನಿಧಾನದ ಗೇರಿನ ಹಿಡಿಕೆ ಆರು ವರ್ಷದಲ್ಲಿ ಒಮ್ಮೆಯೂ ಅಲುಗಾಡಲಿಲ್ಲ. ಅದಕ್ಕೆ ಬಾಸಿಂಗ ತೂಗುಹಾಕುತ್ತಿದ್ದರು. ಮೆಣಸಿನಕಾಯಿ ಘಾಟಿಗೆ ನನ್ನ ಗಾಳಿಯ ಫಿಲ್ಟರು ಕಟ್ಟಿ ಕೆಮ್ಮು ಬರುತ್ತಿತ್ತು. ಅದಕ್ಕೆ ಮುರಿಗೆಪ್ಪನವರು, "ಫಾರಿನ್ ಗಾಡಿ, ಇಲ್ಲಿ ಹವಾ ಹಿಡಿಸವಲ್ದು" ಎಂದು ನನ್ನ ಮೇಲೇ ತಪ್ಪು ಹೊರಿಸಿದರು.

ನೀಲವ್ವ ಪ್ರತಿ ವರ್ಷ ಚೀಲ ಕಟ್ಟಿದಳು, ಪ್ರತಿ ವರ್ಷ ಬಿಚ್ಚಿದಳು. ಮೊದಲ ವರ್ಷ ಜಗಳಾಡಿದಳು, ಎರಡನೆಯ ವರ್ಷ ಊಟ ಬಿಟ್ಟಳು, ಆಮೇಲಿನ ವರ್ಷಗಳಲ್ಲಿ ಸುಮ್ಮನಾದಳು. ಅದನ್ನು ಮುರಿಗೆಪ್ಪನವರು ಒಪ್ಪಿಗೆ ಎಂದು ತಿಳಿದುಕೊಂಡರು.

ಆರನೆಯ ವರ್ಷ ಎಲ್ಲ ಸಿದ್ಧವಾಗಿತ್ತು. ಅಂಗಡಿಯನ್ನು ಗುಮಾಸ್ತರಿಗೆ ಒಪ್ಪಿಸಿಯಾಗಿತ್ತು. ಹಾಸಿಗೆ, ಸ್ಟೋವು, ಹದಿನೈದು ದಿನದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನನ್ನ ಹಿಂಭಾಗದಲ್ಲಿ ತುಂಬಿತ್ತು. ಬೆಳಿಗ್ಗೆ ಹೊರಡಬೇಕು, ಅಷ್ಟರಲ್ಲಿ ಗೌಡರು ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಬಂದರು. ಅವರ ತಮ್ಮನ ಮಗನ ಮದುವೆ, ಮೋಟೆಬೆನ್ನೂರಿನಲ್ಲಿ. ಹೇಳಿದ್ದ ಗಾಡಿ ಕೈಕೊಟ್ಟಿತ್ತು. "ಬರೇ ಮಂಟಪದ ತನಕ" ಎಂದರು.

ಮುರಿಗೆಪ್ಪನವರು ಹೆಂಡತಿಯತ್ತ ತಿರುಗಿದರು. ಅವರು ಬಾಯಿ ತೆರೆಯುವುದನ್ನು ನೀಲವ್ವ ಕಾಯಲಿಲ್ಲ. "ಆತು, ಹೂವು ಕಟ್ಟ್ರಿ. ಗಾಡಿ ನಾನ ಹೊಡಿತೀನಿ. ಮಂಟಪದ ಮುಂದ ಮದುಮಗನ್ನ ಇಳಿಸಿ, ನಾವು ಹಂಗ ಮುಂದ ಹೋಗೂದು" ಎಂದಳು.

ಬ್ಯಾಂಡಿನ ಹಿಂದೆ ನಾವು ತೆವಳಿದೆವು. ಹಿಂದಿನ ಸೀಟಿನಲ್ಲಿ ಮದುಮಗ, ಅವನ ತೊಡೆಯ ಮೇಲೆ ನೀಲವ್ವನ ರೊಟ್ಟಿಯ ಗಂಟು. ಮಂಟಪ ಬಂತು, ಮದುಮಗ ಇಳಿದ. ಮುರಿಗೆಪ್ಪನವರು, "ಅಕ್ಕಿಕಾಳು ಹಾಕದ ಹೋದ್ರ ಚಂದ ಅನ್ನಸೂದಿಲ್ಲ. ಐದು ನಿಮಿಷ" ಎಂದು ಇಳಿದು ಒಳಗೆ ಹೋದರು. ಐದು ನಿಮಿಷ ಒಂದು ತಾಸಾಯಿತು. ನೀಲವ್ವ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ದಾಟಿ ಹೋಗುವವರೆಲ್ಲ ಊಟಕ್ಕೆ ಕರೆದರು, ಆಕೆ ತಲೆಯಾಡಿಸಿದಳು.

ಕೊನೆಗೆ ಮುರಿಗೆಪ್ಪನವರು ಹಣೆಗೆ ಕುಂಕುಮ ಹಚ್ಚಿಕೊಂಡು ಬಂದು ಕಿಟಕಿಯ ಹತ್ತಿರ ನಿಂತರು. "ನೀಲಾ, ಇನ್ನೊಂದು ಎರಡು ತಾಸು. ಮದುಮಕ್ಕಳನ್ನ ಮನಿ ಮುಟ್ಟಿಸಿ ಬರೂಣು. ನಾಳೆ ಖರೇನ ಹೋಗೂದು. ಗೌಡ್ರು ಎಲ್ಲಾರ ಮುಂದ ಕೇಳಿದ್ರು, ಇಲ್ಲ ಅನ್ನಾಕ ನನಗ ಬಾಯಿ ಬರ್ಲಿಲ್ಲ."

ನೀಲವ್ವ ಸಿಟ್ಟು ಮಾಡಲಿಲ್ಲ. ತಿಳಿಯದ್ದನ್ನು ಕೇಳುವವಳ ಹಾಗೆ ಮೆತ್ತಗೆ ಕೇಳಿದಳು. "ನನಗ ಮಾತ್ರ ಮೂವತ್ತಾರು ವರ್ಷ ಇಲ್ಲ ಅಂತ ಬಂದೀರಲ್ರಿ. ಅದಕ್ಕ ಹೆಂಗ ಬಾಯಿ ಬಂತು?"

ನಾನು ಮುರಿಗೆಪ್ಪನವರನ್ನು ಆರು ವರ್ಷ ಬೈದುಕೊಂಡವನು, ಆದರೂ ಆಗ ಅವರ ಮುಖ ನೋಡಲಾಗಲಿಲ್ಲ. ನೀಲವ್ವ ನನ್ನನ್ನು ಚಾಲೂ ಮಾಡಿದಳು. "ಹತ್ತತೀರೋ, ಇಲ್ಲೇ ಇರ್ತೀರೋ?"

ಅವರ ಚಪ್ಪಲಿ ಮಂಟಪದ ಬಾಗಿಲಲ್ಲಿ ನೂರಾರು ಚಪ್ಪಲಿಗಳ ರಾಶಿಯಲ್ಲಿತ್ತು. ಒಳಗಿನಿಂದ ಗೌಡರು ಕೈಬೀಸಿ ಕರೆಯುತ್ತಿದ್ದರು. ಮುರಿಗೆಪ್ಪನವರು ಅತ್ತ ನೋಡಿದರು, ಇತ್ತ ನೋಡಿದರು, ಬರಿಗಾಲಿನಲ್ಲೇ ಹತ್ತಿ ಕೂತರು. ಕೊಲ್ಲಾಪುರದಲ್ಲಿ ಇಳಿದು ಒಂದು ಜೊತೆ ಚಪ್ಪಲಿ ಕೊಂಡರು. ನನ್ನ ಮೈಮೇಲಿನ ಚೆಂಡುಹೂವು ದಾರಿಯುದ್ದಕ್ಕೂ ಉದುರುತ್ತ ಬಂತು.

ಉಪ್ಪಿನ ಬಯಲಿನ ಅಂಚಿನಲ್ಲಿ ಮೇಲೆ ಉಪ್ಪಿನ ಬಿಳಿ ಪದರ, ಕೆಳಗೆ ಹಸಿ ಕೆಸರು. ಮುರಿಗೆಪ್ಪನವರು ಬಾಯಿಪಾಠ ಮಾಡಿದ್ದೆಲ್ಲ ಹೇಳಲು ಶುರು ಮಾಡಿದರು. ನೀಲವ್ವ ಇಳಿದು ಕಾಲಬೆರಳಿನಿಂದ ನೆಲ ಒತ್ತಿ ನೋಡಿದಳು, ಕೆಸರಿನಲ್ಲಿ ಹೂಳದಿರಲೆಂದು ನಾಲ್ಕೂ ಗಾಲಿಗಳ ಗಾಳಿಯನ್ನು ಅರ್ಧ ಬಿಟ್ಟಳು, ಹಿಡಿಕೆಯ ಮೇಲಿನ ಬಾಸಿಂಗವನ್ನು ತೆಗೆದು ಗಂಡನ ಕೈಗೆ ಕೊಟ್ಟು, ನಿಧಾನದ ಗೇರಿಗೆ ಹಾಕಿದಳು. ಗಾಲಿಗಳು ಜಾರಿದವು, ಹಿಡಿದವು, ಮತ್ತೆ ಜಾರಿದವು. ಎಂಜಿನ್ನು ಕಾರ್ಖಾನೆ ಬಿಟ್ಟ ಮೇಲೆ ಮೊದಲ ಬಾರಿಗೆ ಗಂಟಲು ಬಿಚ್ಚಿ ಕೂಗಿತು. ಕೆಸರು ನನ್ನ ಬಿಳಿ ಮೈಯನ್ನೆಲ್ಲ ಮುಚ್ಚಿತು, ಕೊನೆಗೂ ನಾನು ಮಣ್ಣಿನ ಬಣ್ಣಕ್ಕೆ ಬಂದೆ. ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಹನ್ನೊಂದು ದಿನ ಇದ್ದೆವು. ಮೊದಲ ಮೂರು ದಿನ ನೀಲವ್ವ ನಿದ್ದೆ ಬಿಟ್ಟು ಬೇರೇನೂ ಮಾಡಲಿಲ್ಲ.

ಆಮೇಲೆ ಇನ್ನೆರಡು ಸಲ ಹೋದೆವು. ನಡುವೆ ಮದುವೆಗಳೂ ಇದ್ದವು, ಸುಳ್ಳು ಹೇಳುವುದಿಲ್ಲ. ಮುರಿಗೆಪ್ಪನವರು ಬದಲಾದರು ಎಂದು ಹೇಳಲು ನನಗೂ ಆಸೆ, ಆದರೆ ಅವರು ಕೇಳಿದವರನ್ನು ನೀಲವ್ವನ ಕಡೆ ಕಳಿಸಿ ತಾವು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಬೇಡವೆನ್ನುವ ಕೆಲಸವೂ ಅವಳ ತಲೆಗೇ ಬಂತು.

ಈಗ ನನಗೆ ಹದಿನಾಲ್ಕು ವರ್ಷ. ನೀಲವ್ವನ ಮೊಣಕಾಲಿಗೆ ಕ್ಲಚ್ಚು ತುಳಿಯಲು ಆಗುವುದಿಲ್ಲ, ನನ್ನ ಸ್ಪ್ರಿಂಗುಗಳೂ ಕುಸಿದಿವೆ. ಅಂಗಡಿಯ ಹಿಂದಿನ ಷೆಡ್ಡಿನಲ್ಲಿ ನಿಂತಿದ್ದೇನೆ. ಮದುವೆಯವರು ನನ್ನನ್ನು ಬಿಟ್ಟು ಹೊಸ ಗಾಡಿಗಳನ್ನು ಹಿಡಿದಿದ್ದಾರೆ. ಆ ಗಾಡಿಗಳ ಬಗ್ಗೆ ನನಗೆ ಕನಿಕರವಿದೆ. ಮಾರ್ಕೆಟ್ಟಿನ ದಿನ ಮಧ್ಯಾಹ್ನ, ರೈತರ ಊಟ ಮುಗಿದ ಮೇಲೆ, ನೀಲವ್ವ ಬಂದು ನನ್ನೊಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಾಳೆ. ಮುರಿಗೆಪ್ಪನವರು ಷೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ.

ಹೋದ ಗುರುವಾರ ಗೌಡರು ಕೋಲೂರಿಕೊಂಡು ಬಂದರು. ಹಿಂದೆ ನಾಲ್ಕು ಮಂದಿ ನೆಂಟರು. "ಮುರಿಗೆಪ್ಪ, ಇವ್ರು ಬಾಗಲಕೋಟಿಯಿಂದ ಬಂದಾರ, ಉಂಡಿಲ್ಲ. ನೀಲವ್ವಗ ನಾಕು ಬಿಸಿ ರೊಟ್ಟಿ ಬಡಿ ಅಂತ ಹೇಳು."

ಮುರಿಗೆಪ್ಪನವರು ಪೇಪರ್ ಮಡಿಸಿದರು. ಕುತ್ತಿಗೆ ಒರೆಸಿಕೊಂಡರು. ಈಗ ಹಿತ್ತಲಿಗೆ ಹೋಗುತ್ತಾರೆ ಎಂದು ನಾನು ಸಿಡಿಮಿಡಿಗೊಂಡು ಕಾದೆ.

"ಇಲ್ರಿ ಗೌಡ್ರ," ಎಂದರು ಅವರು. "ಆಕಿ ಮಲಗ್ಯಾಳ. ಎಬ್ಬಸೂದಿಲ್ಲ. ಅನ್ನ ಸಾರು ಐತಿ, ನಾನ ಬಡಸ್ತೀನಿ, ಬರ್ರಿ."

ನೀಲವ್ವ ಮಲಗಿರಲಿಲ್ಲ. ಆ ಮಾತು ಕೇಳಿದ ಮೇಲೆ ಮಲಗಿದಳು.