ಡ್ರೈವರ್ ಸರಿಯಾಗಿಯೇ ಇತ್ತು

ಸುಳ್ಯದ ಕುಕ್ಕಪ್ಪಣ್ಣನ ಹೊಸ ಮನೆ ಆ ಶನಿವಾರ ನನ್ನ ಕಂಪ್ಯೂಟರಿನೊಳಗೆ ಮಾತ್ರ ಇತ್ತು. ಸೋಮವಾರ ಜೆಸಿಬಿ ಬಂದು ಪಾಯ ತೋಡುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಅವರ ಹೆಂಡತಿ ದೇವಮ್ಮಕ್ಕ ಒಮ್ಮೆ ಮನೆ ನೋಡಬೇಕಂತೆ. ಸೊಂಟದ ಆಪರೇಷನ್ ಆದ ಮೇಲೆ ಅವರದು ಕೋಲು ಹಿಡಿದ ನಡಿಗೆ. ಕಾಗದದ ಪ್ಲಾನ್ ತೋರಿಸಿದ್ದಕ್ಕೆ, "ಈ ಗೆರೆ ನೋಡಿದ್ರೆ ನಂಗೆ ಎಂತದೂ ಗೊತ್ತಾಗುದಿಲ್ಲ ಅಕ್ಕ. ಒಳಗೆ ನಡ್ದು ನೋಡ್ಬೇಕು" ಎಂದಿದ್ದರು. ಅದಕ್ಕೇನಂತೆ, ನಡೆಸುವ ಎಂದು ನಾನೂ ಜಂಬದಿಂದ ಒಪ್ಪಿಕೊಂಡಿದ್ದೆ. ನರಿಮೊಗರಿನ ನಮ್ಮ ಮನೆಯಲ್ಲಿ ಕೂತು ಬೇರೆಯವರ ಮನೆಗಳ ನಕ್ಷೆ ಮಾಡುವುದೇ ನನ್ನ ಉದ್ಯೋಗ. ಕೀಲಿ ಒತ್ತುತ್ತಾ ಹೋದರೆ ಇನ್ನೂ ಕಟ್ಟದ ಮನೆಯೊಳಗೆ ಧಾರಾಳವಾಗಿ ಓಡಾಡಬಹುದು.

ಗಂಡ ಹೆಂಡತಿ ಬಂದು ಕೂತರು. ನನ್ನ ಅತ್ತೆ ಶಂಕರಿ ಪುನರ್ಪುಳಿ ಶರಬತ್ತು ತಂದುಕೊಟ್ಟರು. ನಾನು ಫೈಲ್ ತೆರೆದು ಕೀಲಿ ಒತ್ತಿದೆ. ಚಿತ್ರ ಒಂದು ಹೆಜ್ಜೆ ಮುಂದೆ ಹೋಯಿತು, ನಿಂತಿತು. ಮತ್ತೆ ಒತ್ತಿದೆ. ಇನ್ನೊಂದು ಹೆಜ್ಜೆ ಹೋಗಿ ಮತ್ತೆ ನಿಂತಿತು.

"ಮನೆ ಎಂತ, ಅಲ್ಲಾಡ್ತದಾ?" ಕುಕ್ಕಪ್ಪಣ್ಣ ಕೇಳಿದರು.

ನನ್ನ ಮರ್ಯಾದೆ ಹೋಯಿತು. ಮೊನ್ನೆಯವರೆಗೆ ಇದೇ ಮನೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ನನ್ನದು ಲಿನಕ್ಸ್ ಕಂಪ್ಯೂಟರ್, ಪುತ್ತೂರಿನಲ್ಲಿ ಅಂಗಡಿ ಇಟ್ಟಿರುವ ಜಾಸಿರ್ ಜೋಡಿಸಿಕೊಟ್ಟದ್ದು. ಚಿತ್ರ ಮೂಡಿಸಲೆಂದೇ ಅದರೊಳಗೆ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ಇದೆ. ಕಾರ್ಡನ್ನು ದುಡಿಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹಿಂದಿನ ದಿನ ಮಧ್ಯಾಹ್ನ ಅಪ್‌ಡೇಟ್ ಹಾಕಿ ನಾನು ಪೇಟೆಗೆ ಹೋಗಿದ್ದೆ. ಡ್ರೈವರ್ ಕೆಟ್ಟದ್ದು ಅದರಿಂದಲೇ ಎಂದು ತೀರ್ಮಾನಿಸಿ ಜಾಸಿರ್‌ಗೆ ಫೋನ್ ಮಾಡಿದೆ.

"ಡ್ರೈವರ್ ಉಂಟಾ ನೋಡಿ ಅಕ್ಕ" ಎಂದ. ನೋಡಿದೆ, ಇತ್ತು. "ಕಾರ್ಡ್ ಕಾಣ್ತದಾ?" ಅದೂ ಕಾಣುತ್ತಿತ್ತು, ಹೆಸರು ಸಮೇತ. "ಎಷ್ಟು ಬಿಸಿ ಆಗಿದೆ?" ಬಿಸಿಯೇ ಆಗಿರಲಿಲ್ಲ. ಇಷ್ಟು ದೊಡ್ಡ ಮನೆಯನ್ನು ಹೊತ್ತು ತಿರುಗಿಸಬೇಕಾದ ಕಾರ್ಡು ಕೆಲಸವೇ ಇಲ್ಲದವರ ಹಾಗೆ ತಣ್ಣಗೆ ಕೂತಿತ್ತು.

"ಹಾಗಾದ್ರೆ ಎಲ್ಲ ಸರಿ ಉಂಟಲ್ಲ ಮಾರಾಯ್ರೆ" ಎಂದ ಜಾಸಿರ್.

"ಎಲ್ಲ ಸರಿ ಉಂಟು, ಮನೆ ಮಾತ್ರ ಹೋಗುದಿಲ್ಲ" ಎಂದು ರೇಗಿದೆ.

ಅವನೂ ಗೊಂದಲಕ್ಕೆ ಬಿದ್ದ. ಡ್ರೈವರ್ ತೆಗೆದು ಹೊಸದಾಗಿ ಹಾಕಲು ಹೇಳಿದ, ಹಾಕಿದೆ. ಅಪ್‌ಡೇಟಿಗೆ ಹಿಂದಿನ ವ್ಯವಸ್ಥೆಯಲ್ಲಿ ಶುರುಮಾಡಲು ಹೇಳಿದ, ಅದನ್ನೂ ಮಾಡಿದೆ. ಪ್ರತಿ ಸಲ ಕಂಪ್ಯೂಟರ್ ಆರಿಸಿ ಹೊತ್ತಿಸಿ ಬಂದು ನೋಡಿದರೆ ಮನೆ ಅದೇ ಕುಂಟು ಹೆಜ್ಜೆಯಲ್ಲಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ತಪ್ಪು ಇದ್ದರೆ ಹುಡುಕಬಹುದು. ತಪ್ಪೇ ಇಲ್ಲ ಎನ್ನುವ ಯಂತ್ರದ ಹತ್ತಿರ ಏನು ಮಾತಾಡುವುದು?

"ಅಕ್ಕ, ಇರ್ಲಿ. ಹೀಗೇ ನಂಗೆ ಕೊಡಿ" ಎಂದರು ದೇವಮ್ಮಕ್ಕ.

ಕೀಬೋರ್ಡ್ ಅವರತ್ತ ಸರಿಸಿದೆ. ಯಾವ ಕೀಲಿ ಒತ್ತಬೇಕೆಂದು ತೋರಿಸಿದೆ. ಅವರು ಮಲಗುವ ಕೋಣೆಯಿಂದ ಹೊರಟರು. ಒತ್ತಿದರು, ಚಿತ್ರ ಕದಲಿ ನಿಂತಿತು. ಅವರೂ ನಿಂತರು. ಮತ್ತೆ ಒತ್ತಿದರು. ನನಗೆ ನೋಡಲಾಗುತ್ತಿರಲಿಲ್ಲ, ಅವರಿಗೆ ಮಾತ್ರ ಬೇಸರವೇ ಇರಲಿಲ್ಲ. ಬಾಗಿಲು ದಾಟುವಾಗ ಎಡಗೈ ತಾನಾಗಿ ಪಕ್ಕದ ಗಾಳಿಯಲ್ಲಿ ಗೋಡೆ ಹುಡುಕಿತು.

ಹಾಲ್‌ಗೆ ಬಂದಲ್ಲಿ ಬೆರಳು ಎತ್ತಿಬಿಟ್ಟರು. ಕುಕ್ಕಪ್ಪಣ್ಣನಿಗೆ ಹಾಲ್ ಎರಡು ಮೆಟ್ಟಿಲು ತಗ್ಗಿನಲ್ಲಿರಬೇಕೆಂದು ಆಸೆ. ಮಂಗಳೂರಿನ ಯಾರದೋ ಮನೆಯಲ್ಲಿ ನೋಡಿ ಬಂದಿದ್ದರು. ಮಲಗುವ ಕೋಣೆಯಿಂದ ಅಡಿಗೆಕೋಣೆಗೆ ಹೋಗಬೇಕಾದರೆ ಎರಡು ಇಳಿದು, ಮತ್ತೆ ಎರಡು ಹತ್ತಬೇಕು.

"ಒತ್ತು, ಇಳೀತದೆ" ಎಂದರು ಕುಕ್ಕಪ್ಪಣ್ಣ.

ದೇವಮ್ಮಕ್ಕ ಒತ್ತಲಿಲ್ಲ. "ಇಲ್ಲಿ ಎಂತ ಹಿಡ್ಕೊಳ್ಳುದು?" ಎಂದು ನನ್ನನ್ನು ಕೇಳಿದರು.

ಕಂಪ್ಯೂಟರ್ ಪೂರ್ತಿ ನಿಂತಿತೆಂದೇ ನಾನು ತಿಳಿದುಕೊಂಡೆ. ತಲೆಯಲ್ಲಿ ಬರೀ ಡ್ರೈವರ್ ತುಂಬಿತ್ತು, ಅವರ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಕಾರ್ಡು ನಿಜವಾಗಿ ತಣ್ಣಗಿದೆಯೇ ಎಂದು ನೋಡಲು ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ಕಾರ್ಡಿನ ಬಾಯಿಯಲ್ಲಿ ವಯರೇ ಇರಲಿಲ್ಲ! ಪರದೆಯ ವಯರು ಅದಕ್ಕಿಂತ ಮೇಲಿನ ಇನ್ನೊಂದು ತೂತಿನಲ್ಲಿತ್ತು. ಅದು ಕಾರ್ಡಿಗೆ ಸೇರಿದ್ದಲ್ಲ. ಕಂಪ್ಯೂಟರಿನ ಮೂಲ ಬೋರ್ಡಿನಲ್ಲಿ ಅಲ್ಪಸ್ವಲ್ಪ ಚಿತ್ರ ತೋರಿಸುವ ಬಡಪಾಯಿ ಭಾಗವೊಂದಿದೆ, ಅದರದ್ದು. ಅಷ್ಟು ದೊಡ್ಡ ಮನೆಯನ್ನು ಅದು ಏದುಸಿರು ಬಿಡುತ್ತಾ ಎಳೆಯುತ್ತಿತ್ತು.

"ಅತ್ತೆ, ಈ ವಯರು ತೆಗ್ದದ್ದು ನೀವಾ?"

"ಮತ್ತೆ? ನಿನ್ನೆ ಸಂಜೆ ಆ ನಮೂನೆ ಗುಡುಗಿತು, ನೀನು ಪೇಟೆಯಲ್ಲಿ" ಎಂದರು ಅತ್ತೆ. ಗುಡುಗು ಕೇಳಿದೊಡನೆ ಮನೆಯ ವಯರುಗಳನ್ನೆಲ್ಲ ಕಿತ್ತಿಡುವುದು ನಮ್ಮ ಕಡೆ ಹಲ್ಲುಜ್ಜಿದಷ್ಟೇ ಸಹಜ. "ವಾಪಾಸು ಸರಿಯಾಗಿಯೇ ಹಾಕಿದ್ದೇನೆ. ಎರಡೂ ತೂತು ಒಂದೇ ನಮೂನೆ ಉಂಟು, ಹಿಡಿಸಿದಲ್ಲಿಗೆ ಹಾಕಿದೆ."

ಸಿಟ್ಟೂ ಬಂತು, ನಗೂ ಬಂತು. ಆರಿಸಿ, ವಯರು ಬದಲಿಸಿ, ಹೊತ್ತಿಸಿದೆ. ಮನೆ ಜಾರತೊಡಗಿತು. ಹೋದ ಜೀವ ಮರಳಿ ಬಂತು. ಕುಕ್ಕಪ್ಪಣ್ಣ ಕೀಬೋರ್ಡ್ ಎಳೆದುಕೊಂಡು ಕೀಲಿ ಒತ್ತಿ ಹಿಡಿದರು. ಮಲಗುವ ಕೋಣೆ, ಹಾಲ್, ಅಡಿಗೆಕೋಣೆ, ಎಲ್ಲ ಒಂದೇ ಉಸಿರಿನಲ್ಲಿ ಕಳೆಯಿತು.

"ನೋಡು! ಮೆಟ್ಲು ಇದ್ದದ್ದೇ ಗೊತ್ತಾಗ್ಲಿಲ್ಲ" ಎಂದು ಹೆಂಡತಿಯತ್ತ ತಿರುಗಿದರು.

ದೇವಮ್ಮಕ್ಕ ಪರದೆಯನ್ನೇ ನೋಡುತ್ತಿದ್ದರು.

"ಆಗ ನಡ್ದದ್ದು ನಾನು" ಎಂದರು. "ಈಗ ನಡ್ದದ್ದು ಯಾರು?"

ಅತ್ತೆ ಖಾಲಿ ಲೋಟ ಎತ್ತಲು ಬಂದವರು ಹಾಗೇ ನಿಂತರು. ನನಗೆ ನಾಚಿಕೆಯಾಯಿತು. ಆ ಕೋಲನ್ನು ನಾನು ಎಷ್ಟು ಸಲ ನೋಡಿದ್ದೆ! ಆದರೂ ಕೇಳಿದಲ್ಲಿ ಮೆಟ್ಟಿಲು ಇಟ್ಟುಕೊಟ್ಟಿದ್ದೆ. ಯಂತ್ರ ಸರಿಯಾದ ಮೇಲೂ ಯಾವುದು ಸರಿ, ಯಾವುದು ಕೆಟ್ಟದ್ದು ಎಂದು ನನಗೆ ತಿಳಿಯದಾಯಿತು.

ಕುಕ್ಕಪ್ಪಣ್ಣನ ಮುಖ ಗಂಟಾಗಿತ್ತು. "ಎರಡು ಮೆಟ್ಲಿಗೆ ಎಂತ..." ಎಂದು ಶುರುಮಾಡಿ ಅರ್ಧಕ್ಕೆ ಬಿಟ್ಟರು. ಪರದೆಯ ಮೇಲೆ ತಿರುಗಿ ಮಲಗುವ ಕೋಣೆಗೆ ಹೋದರು. ಈ ಸಲ ಕೀಲಿ ಒತ್ತಿ ಹಿಡಿಯಲಿಲ್ಲ. ಒಮ್ಮೆ ಒತ್ತಿ ಬೆರಳು ಎತ್ತಿದರು. ಪಕ್ಕದಲ್ಲಿ ಕೂತ ಹೆಂಡತಿಯ ಕಾಲಿನತ್ತ ನೋಡಿ ಮತ್ತೆ ಒತ್ತಿದರು. ಅಷ್ಟು ಚುರುಕಾದ ಯಂತ್ರದಲ್ಲಿ ಹೆಜ್ಜೆಗೊಮ್ಮೆ ನಿಲ್ಲುತ್ತಾ ಬಾಗಿಲು ದಾಟಿದರು. ಮೆಟ್ಟಿಲಿನ ಅಂಚಿಗೆ ಬಂದಾಗ ಬೆರಳು ಎತ್ತಿದವರು ಕೆಳಗಿಡಲಿಲ್ಲ.

"ರಾತ್ರಿ ಎದ್ರೆ ನೀನು ಇಲ್ಲಿ ಬೀಳ್ತಿ" ಎಂದರು ಮೆಲ್ಲಗೆ.

"ಹಾಂ" ಎಂದರು ದೇವಮ್ಮಕ್ಕ.

"ಅಕ್ಕ, ಹಾಲ್ ಸಮ ಮಾಡಿ. ಮಂಗಳೂರಿನದ್ದು ಮಂಗಳೂರಿನಲ್ಲೇ ಇರ್ಲಿ."

ನಾನು ನೆಲ ಎತ್ತರಿಸಿದೆ. ಕುಕ್ಕಪ್ಪಣ್ಣ ಕೀಬೋರ್ಡನ್ನು ಹೆಂಡತಿಯ ಮುಂದೆ ಇಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ದೇವಮ್ಮಕ್ಕ ಅಡಿಗೆಕೋಣೆಯವರೆಗೆ ನಿಲ್ಲದೆ ನಡೆದರು.