ಗೋಡೆಯ ಮೇಲಿನ ಯಜಮಾನ

ಗಂಡ ಸತ್ತ ಮೇಲೆ ನಲವತ್ತು ದಿನ ಹೆಂಡತಿ ಅಂಗಳ ದಾಟುವ ಹಾಗಿಲ್ಲ. ಅಫ್ರಾಕೋಮಾಳಿಗೆ ನೋಡಲು ಸಿಕ್ಕಿದ್ದು ಕಾಂಪೌಂಡ್ ಗೋಡೆಯ ಓತಿಕೇತಗಳು ಮಾತ್ರ. ನೋಡಿ ನೋಡಿ ಅವಳಿಗೆ ಆ ಜಾತಿಯ ಮೇಲೇ ಹೇಸಿಗೆ ಬಂದುಬಿಟ್ಟಿತ್ತು.

ಅದರಲ್ಲೂ ಆ ಕೆಂಪು ತಲೆಯ ಗಂಡು! ಬಿಸಿಲೇರುತ್ತಲೇ ಗೋಡೆಯ ತುದಿಗೆ ಬಂದು, ಮುಂಗಾಲ ಮೇಲೆ ಎದ್ದು ಬಗ್ಗಿ ತಲೆ ಕುಣಿಸುತ್ತಿತ್ತು. ಈ ಗೋಡೆ ನನ್ನದು, ಈ ಹೆಣ್ಣುಗಳು ನನ್ನವು ಅಂತ. ಆ ಗೋಡೆಗೆ ಇಟ್ಟಿಗೆ ಹೊತ್ತವಳು ಕೆಳಗೆ ಕೂತು ಶೇಂಗಾ ಸುಲಿಯುತ್ತಿದ್ದಾಳೆ, ಇದಕ್ಕೆ ಪರಿವೆಯೇ ಇಲ್ಲ. ಮಾಸಲು ಬಣ್ಣದ ಹೆಣ್ಣುಗಳು ಇರುವೆ ಹಿಡಿದು ತಿನ್ನುತ್ತ ತಮ್ಮ ಪಾಡಿಗಿದ್ದವು. ಒಂದಾದರೂ ತಲೆ ಎತ್ತಿ ನೋಡಿದ್ದಿಲ್ಲ. ಒಂದು ದಿನ ಪಕ್ಕದ ಮನೆಯ ದಪ್ಪ ಗಂಡು ನುಗ್ಗಿ ಬಾಲದಿಂದ ಎರಡೇಟು ಬಿಗಿಯಿತು. ಅಷ್ಟೇ. ಯಜಮಾನರು ಕೆಂಪೆಲ್ಲ ಇಳಿದು, ಬೂದು ಬಣ್ಣಕ್ಕೆ ತಿರುಗಿ, ಕಕ್ಕಸಿನ ಹಿಂದೆ ಅಡಗಿದರು.

"ಥೂ, ನಿನ್ನ ಗಂಡಸ್ತನಕ್ಕಿಷ್ಟು!" ಅಂದಳು.

ದಪ್ಪನೆಯದು ಅತ್ತ ಹೋದದ್ದೇ ತಡ, ಇದು ಮತ್ತೆ ಕೆಂಪಗಾಗಿ ಮೇಲೇರಿತು. ನಾಚಿಕೆ ಎಂಬುದು ಇದ್ದರೆ ತಾನೆ.

ನಲವತ್ತೊಂದನೆಯ ದಿನ ಗಂಡನ ಅಕ್ಕನ ಮಗ ಬಾದು ಬಂದ, ಕುಟುಂಬದ ಹಿರಿಯ ನ್ಯಾಮೆಚೆಯನ್ನು ಜೊತೆಗೆ ಕರೆದುಕೊಂಡು. ಅವರಲ್ಲಿ ಗಂಡಸಿನ ಆಸ್ತಿ ಅಕ್ಕನ ಮಗನಿಗೇ, ಹೆಂಡತಿಗಲ್ಲ. ಬಾದು ಹೊಸ ಅಂಗಿ ತೊಟ್ಟು, ಎದೆ ಉಬ್ಬಿಸಿ, ಅಂಗಳವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ. ಅಫ್ರಾಕೋಮಾಳಿಗೆ ಗೋಡೆಯತ್ತ ನೋಡುವ ಅಗತ್ಯವೇ ಬೀಳಲಿಲ್ಲ.

"ಅತ್ತೆ, ಈ ವಾರ ಮನೆ ಖಾಲಿ ಮಾಡ್ಬಿಡಿ. ಬಾಡಿಗೆಯವ್ರು ಬಂದು ನೋಡ್ಕೊಂಡು ಹೋಗಿದಾರೆ."

"ಬದುಕಿರೋವಾಗ್ಲೇ ನಿಮ್ಮಾವ ಈ ಮನೆ ನಂಗೆ ಕೊಟ್ಟಾಯ್ತು ಕಣೋ. ನಾನು ಉಪಕಾರದ ಜಿನ್ ಬಾಟ್ಲಿನೂ ಇಟ್ಟಾಯ್ತು."

ಹಿರಿಯ ಕೋಲು ಊರಿ ಕೂತ. ಕೊಟ್ಟದ್ದು ನಿಜವಾದರೆ ಪಡೆದವರು ನೆಂಟರ ಮುಂದೆ ಜಿನ್ ಇಟ್ಟು ಉಪಕಾರ ಹೇಳಬೇಕು; ಅದನ್ನು ಕುಡಿದವನೇ ಸಾಕ್ಷಿ.

"ಯಾರ್ಯಾರು ಕುಡಿದ್ರು, ತಾಯಿ?"

ಅವಳು ಇಬ್ಬರ ಹೆಸರು ಹೇಳಿದಳು. ಇಬ್ಬರೂ ಮಣ್ಣಾಗಿದ್ದರು. ಬಾದು ತೊಡೆ ತಟ್ಟಿ ನಕ್ಕ. "ಗೋರಿಯಿಂದ ಎಬ್ಬಿಸ್ಕೊಂಡು ಬರ್ತೀರಾ, ಅತ್ತೆ?"

ಮನೆ ಹೋದರೆ ಅವಳಿಗೆ ತಂಗಿಯ ಅಡುಗೆಮನೆಯ ಮೂಲೆಯೇ ಗತಿ. ಆದರೂ ಇಂಥವನ ಮುಂದೆ ಅಳುವುದೇ? ಸತ್ತರೂ ಇಲ್ಲ.

"ಮೂರನೆಯವನು ನೀನೇ. ಪುಕ್ಕಟೆ ಜಿನ್ನಿನ ವಾಸನೆಗೆ ಮೂಗರಳಿಸ್ಕೊಂಡು ಬಂದೆ. ಮಾವ ಏನು ಹೇಳ್ತಿದಾರೆ ಅಂತ ಕಿವಿಗೆ ಹಾಕ್ಕೊಂಡಿದ್ರೆ ತಾನೆ! ನಾಲ್ಕು ಲೋಟ ಇಳಿಸಿ ಜಗಲಿ ಮೇಲೆ ಗೊರಕೆ ಹೊಡೆದೆ."

"ನಾಲ್ಕಾ? ಸುಳ್ಳು!" ಬಾದು ಎಗರಿಬಿದ್ದ. "ಎರಡೇ ಎರಡು! ಮೂರನೇದು ಕೇಳಿದ್ರೆ ನೀವೇ ಬಾಟ್ಲಿ ಮುಚ್ಚಿಟ್ರಿ!"

ಬಾದು ಬಾಯಿಗೆ ಕೈ ಅಡ್ಡ ಹಿಡಿದ, ಆದರೆ ಮಾತು ಹೊರಬಿದ್ದಾಗಿತ್ತು.

"ಸಾಕ್ಷಿಯಾಗೋಕೆ ಒಂದು ಗುಟುಕೇ ಸಾಕಿತ್ತಲ್ಲೋ, ಮುಠ್ಠಾಳ," ಅಂದ ಹಿರಿಯ. "ಮನೆ ಆಕೆಯದೇ." ಕೋಲು ಹಿಡಿದು ಎದ್ದು ಹೊರಟೇಬಿಟ್ಟ.

ಬಾದು ಕೂತಲ್ಲೇ ಕೂತಿದ್ದ. ಬಾಯಿ ಒಣಗಿ ತುಟಿ ಸವರಿಕೊಳ್ಳುತ್ತಿದ್ದ. ಅಫ್ರಾಕೋಮಾ ಒಳಗೆ ಹೋಗಿ ಒಂದು ಲೋಟ ನೀರು ತಂದು ಮುಂದಿಟ್ಟಳು. ಅವನು ಲೋಟವನ್ನು ಮುಟ್ಟಲಿಲ್ಲ.

"ಬರೀ ನೀರು ಕಣೋ," ಅಂದಳು. "ಹೆದರ್ಬೇಡ, ಕುಡಿ. ಇದಕ್ಕೆ ಯಾರೂ ನಿನ್ನ ಸಾಕ್ಷಿ ಕೇಳಲ್ಲ."